ವಯಸ್ಕರಲ್ಲಿ ಅಡ್ರಿನಲ್ ನರಜನ್ಯ ಗಡ್ಡೆಗಳು

ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿ ತಲಾ 4–5 ಗ್ರಾಂ ತೂಗುತ್ತದೆ. ಇದರ ಒಳತಿರುಳು ಹುಟ್ಟಿನಿಂದ ನರಮಂಡಲದ ಬಂಧು. ಭ್ರೂಣದ ನರಶಿಖೆಯಿಂದ ಹೊರಟ ಕೋಶಗಳು ಇಲ್ಲಿ ಬಂದು ನೆಲೆಸಿ, ಕೆಲವು ನರಕೋಶಗಳಾಗಿಯೂ ಹೆಚ್ಚಿನವು ಅಡ್ರಿನಲಿನ್ ಸ್ರವಿಸುವ ಕ್ರೋಮಾಫಿನ್ ಕೋಶಗಳಾಗಿಯೂ ಬೆಳೆಯುತ್ತವೆ. ಈ ಮೂಲದಿಂದ ಹುಟ್ಟುವ ಗಡ್ಡೆಗಳು ದೊಡ್ಡವರಲ್ಲಿ ವಿರಳ.

ನ್ಯೂರೋಬ್ಲಾಸ್ಟೋಮಾ ಬಲಿಯದ ನರಕೋಶಗಳ ಕ್ಯಾನ್ಸರ್. ಜೇಮ್ಸ್ ಹೋಮರ್ ರೈಟ್ 1910ರಲ್ಲಿ ಅದಕ್ಕೆ ಈ ಹೆಸರಿಟ್ಟರು. ರೋಗಿಗಳಲ್ಲಿ ಸುಮಾರು ಶೇ. 90 ಮಂದಿ ಐದು ವರ್ಷದೊಳಗಿನ ಮಕ್ಕಳು. ವಯಸ್ಕರಲ್ಲಿ ಇದು ನಿಧಾನವಾಗಿ ಬೆಳೆದರೂ ಹಟಮಾರಿ. ಮಕ್ಕಳಿಗೆಂದು ರೂಪಿಸಿದ ಕೀಮೋಥೆರಪಿಯನ್ನೇ ಕೊಡಬೇಕಾಗುತ್ತದೆ, ದೊಡ್ಡವರ ದೇಹ ಅದನ್ನು ಅಷ್ಟಾಗಿ ತಾಳಿಕೊಳ್ಳುವುದಿಲ್ಲ. ಗ್ಯಾಂಗ್ಲಿಯೋನ್ಯೂರೋಮಾ ಇದರ ಎದುರು ತುದಿ: ಪೂರ್ತಿ ಬಲಿತ ಕೋಶಗಳ ಸೌಮ್ಯ ಗಡ್ಡೆ. ಹೊಟ್ಟೆನೋವಿಗೋ ಮೂತ್ರದ ಕಲ್ಲಿಗೋ ಸ್ಕ್ಯಾನ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಾಣಸಿಗುತ್ತದೆ, ತೆಗೆದರೆ ಬಹುಮಟ್ಟಿಗೆ ಗುಣವಾಗುತ್ತದೆ. ಇವೆರಡರ ನಡುವಿನದು ಗ್ಯಾಂಗ್ಲಿಯೋನ್ಯೂರೋಬ್ಲಾಸ್ಟೋಮಾ.

ವಯಸ್ಕರ ಮಟ್ಟಿಗೆ ಹೆಚ್ಚು ಎಚ್ಚರ ಬೇಡುವುದು ಫಿಯೋಕ್ರೋಮೋಸೈಟೋಮಾ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 8 ಮಂದಿಗೆ ಬರುವ ಈ ಕ್ರೋಮಾಫಿನ್ ಗಡ್ಡೆಯನ್ನು 1886ರಲ್ಲಿ ಜರ್ಮನಿಯ ಫೆಲಿಕ್ಸ್ ಫ್ರಾಂಕೆಲ್ ವರ್ಣಿಸಿದರು. 1912ರಲ್ಲಿ ಲುಡ್ವಿಗ್ ಪಿಕ್ ಹೆಸರು ಕೊಟ್ಟರು. ತಲೆಸಿಡಿತ, ಬೆವರು, ಎದೆಬಡಿತ ಮೂರೂ ಅಲೆಯಂತೆ ಒಟ್ಟಿಗೆ ಬಂದು ಇಳಿಯುವುದು ಇದರ ಗುರುತು. ಕರಾವಳಿಯ ಸೆಕೆಯಲ್ಲಿ ಬೆವರನ್ನು ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ; ಆದ್ದರಿಂದ ಬಿಪಿ ಒಮ್ಮೆಲೇ ಏರಿ ಇಳಿಯುತ್ತಿದ್ದರೆ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಈ ಸಾಧ್ಯತೆಯನ್ನು ಮರೆಯಬಾರದು.

ಅಡ್ರಿನಲ್‌ನಲ್ಲಿ ಇಂಥ ಗಡ್ಡೆ ಕಂಡಾಗ ಬಯಾಪ್ಸಿಗೆ ಸೂಜಿ ಚುಚ್ಚುವ ಮೊದಲು ರಕ್ತ ಅಥವಾ 24 ಗಂಟೆಯ ಮೂತ್ರದಲ್ಲಿ ಮೆಟಾನೆಫ್ರಿನ್ (ಅಡ್ರಿನಲಿನ್ ಮಾರ್ಪಟ್ಟು ಉಂಟಾಗುವ ಅಂಶ) ಅಳೆಯಲೇಬೇಕು. ಫಿಯೋಕ್ರೋಮೋಸೈಟೋಮಾಕ್ಕೆ ಅರಿವಿಲ್ಲದೆ ಸೂಜಿ ತಗುಲಿಸಿದರೆ ಹಾರ್ಮೋನು ರಕ್ತಕ್ಕೆ ನುಗ್ಗಿ ಪ್ರಾಣಕ್ಕೆ ಕುತ್ತಾಗಬಹುದು. ಶಸ್ತ್ರಚಿಕಿತ್ಸೆಗೆ ಒಂದೆರಡು ವಾರ ಮುಂಚಿನಿಂದ ಪ್ರಾಜೋಸಿನ್ ಅಥವಾ ಫಿನಾಕ್ಸಿಬೆಂಜಮಿನ್‌ನಂಥ ಆಲ್ಫಾ ತಡೆಮದ್ದು ಕೊಡುತ್ತಾರೆ. ಎದೆಬಡಿತ ಇಳಿಸುವ ಬೀಟಾ ತಡೆಮದ್ದನ್ನು ಇದಕ್ಕಿಂತ ಮೊದಲು ಶುರುಮಾಡುವುದು ಅಪಾಯ. ಬಿಪಿ ಇದ್ದವರಿಗೆ ಗಂಜಿಗೂ ಉಪ್ಪು ಕಡಿಮೆ ಮಾಡಿ ಎನ್ನುವ ವೈದ್ಯರು, ಇಲ್ಲಿ ಮದ್ದು ಶುರುವಾದ ಮೇಲೆ ಉಪ್ಪು, ನೀರು ಹೆಚ್ಚಿಸಲು ಹೇಳುತ್ತಾರೆ: ಗಡ್ಡೆ ಹೊರಬಂದ ಕ್ಷಣ ರಕ್ತದೊತ್ತಡ ಕುಸಿಯದಿರಲೆಂದು. ಮನೆಯವರು ಇದನ್ನು ಕೇಳಿ ಗಾಬರಿಯಾಗಬೇಕಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಮಂಕಿ, ಪಕ್ಕದ ಭಟ್ಕಳ, ಕುಮಟಾ ಕಡೆಯ ರೋಗಿಗಳು ಇಂಥ ಚಿಕಿತ್ಸೆಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರು ಅಥವಾ ಹುಬ್ಬಳ್ಳಿಯ ಹಾದಿ ಹಿಡಿಯಬೇಕು. ಜಿಲ್ಲೆಗೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2022ರಲ್ಲಿ ಗಟ್ಟಿಯಾಗಿ ದನಿಯೆತ್ತಿದ್ದು ನ್ಯಾಯವಾದದ್ದೇ. ಕ್ಯಾನ್ಸರ್ ಎಂದು ತಿಳಿದವರಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇದೆ. ದೂರ ಹೋಗುವವರು ಹಳೆಯ ಸ್ಕ್ಯಾನ್ ಸಿಡಿ, ಬಿಪಿ ಬರೆದಿಟ್ಟ ಚೀಟಿ, ಗಡ್ಡೆ ತೆಗೆದಿದ್ದರೆ ಬಯಾಪ್ಸಿ ಬ್ಲಾಕ್ ಒಯ್ಯಬೇಕು. ಮೊದಲು ಒಂದೆಂದು ಓದಿದ ಗಡ್ಡೆ ಮರುಪರಿಶೀಲನೆಯಲ್ಲಿ ಇನ್ನೊಂದಾಗುವುದುಂಟು.

ಫಿಯೋಕ್ರೋಮೋಸೈಟೋಮಾ ರೋಗಿಗಳಲ್ಲಿ ಮೂರರಲ್ಲೊಬ್ಬರಿಗೆ ಅದು ವಂಶವಾಹಿಯ ದೋಷದಿಂದ ಬಂದಿರುತ್ತದೆ. ಆರ್‌ಇಟಿ, ವಿಎಚ್‌ಎಲ್, ಎನ್‌ಎಫ್1, ಎಸ್‌ಡಿಎಚ್‌ಬಿ ವಂಶವಾಹಿಗಳ ತಪಾಸಣೆಯಲ್ಲಿ ದೋಷ ಸಿಕ್ಕರೆ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು. ಗಡ್ಡೆ ವರ್ಷಗಳ ನಂತರ ಮರುಕಳಿಸಬಹುದಾದ್ದರಿಂದ ವರ್ಷಕ್ಕೊಮ್ಮೆ ಮೆಟಾನೆಫ್ರಿನ್ ಅಳೆಸುತ್ತಿರಬೇಕು.