ಶ್ರೀರಂಗಪಟ್ಟಣದ ರಾಕೆಟ್ಟು, ವೆಲಿಂಗ್ಟನ್ನಿನ ಹೆಸರು

ಕೈಯಲ್ಲಿ ಹಳೆಯ ಡಿಗ್ರಿ, ಒಂದು ಉದ್ಯೋಗ, ಮನೆಯ ಮೇಲೆ ಸಾಲ ಇವೆಲ್ಲ ಇದ್ದು, ನಲವತ್ತು ದಾಟಿದ ಮೇಲೆ ಮತ್ತೆ ಕಾಲೇಜಿಗೆ ಸೇರುತ್ತೇವೆಂದರೆ ನಮ್ಮವರು ಮೊದಲು ಕೇಳುವುದು "ಪ್ರಮೋಷನ್ನಿಗೋ?" ಎಂದು. ಅಲ್ಲ, ಪ್ರಪಂಚದ ಚರಿತ್ರೆ ಓದುವುದಕ್ಕೆ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಸಂಘದ ನಾವು ಮೂವರು ಕಳೆದ ವರ್ಷ ಇದೇ ಕೆಲಸ ಮಾಡಿದೆವು. ಒಬ್ಬರದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಒಬ್ಬರದು ಲೆಕ್ಕಪತ್ರದ ಕೆಲಸ, ಇನ್ನೊಬ್ಬರು ಮಕ್ಕಳನ್ನು ಒಂದು ದಡ ಸೇರಿಸಿ ಈಗಷ್ಟೇ ಬಿಡುವು ಕಂಡ ಗೃಹಿಣಿ. ಅನುಭವವನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಒಲೆಯ ಮೇಲೆ ಸಾರು, ಮೇಜಿನ ಮೇಲೆ ಪುಸ್ತಕ ಎಂಬ ಕಥೆ ಎಲ್ಲರಿಗೂ ಗೊತ್ತಿರುವುದೇ. ಓದಿದ್ದನ್ನೇ ಬರೆಯುವುದು ಮೇಲೆಂದು ನಮಗೆ ತೋರಿತು.

ದೊಡ್ಡವರು ಓದುವುದು ಈ ದೇಶಕ್ಕೆ ಹೊಸದಲ್ಲ. ಕೆಲಸಗಾರರಿಗಾಗಿ ಸಂಜೆ ತರಗತಿ ನಡೆಸುವ ವರ್ಕರ್ಸ್ ಎಜುಕೇಷನಲ್ ಅಸೋಸಿಯೇಷನ್ ಇಲ್ಲಿ 1915ರಲ್ಲೇ ಬೇರೂರಿತು. 1960ರಲ್ಲಿ ಪಾಮರ್ಸ್ಟನ್ ನಾರ್ತಿನ ಕಾಲೇಜು ಅಂಚೆಯ ಮೂಲಕ ಡಿಗ್ರಿ ಪಾಠ ಆರಂಭಿಸಿತು. ಅದೇ ಮುಂದೆ ಮ್ಯಾಸಿ ವಿಶ್ವವಿದ್ಯಾಲಯದಲ್ಲಿ ಸೇರಿತು. ಅಂಚೆಯ ಲಕೋಟೆಯ ಜಾಗಕ್ಕೆ ಈಗ ಕಂಪ್ಯೂಟರ್ ಬಂದಿದೆ, ಅಷ್ಟೇ. ಇಪ್ಪತ್ತು ವರ್ಷ ತುಂಬಿದ ಪೌರರೂ ಕಾಯಂ ನಿವಾಸಿಗಳೂ ಹೈಸ್ಕೂಲಿನ ಅರ್ಹತೆ ಇಲ್ಲದಿದ್ದರೂ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದು. ನಮ್ಮ ನಾಡೂ ಹಿಂದೆ ಬಿದ್ದಿರಲಿಲ್ಲವೆನ್ನಿ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ನಮ್ಮನ್ನು ಈ ಓದಿಗೆ ನೂಕಿದವರು ಮಕ್ಕಳು. 2023ರಿಂದ ಇಲ್ಲಿನ ಶಾಲೆಗಳಲ್ಲಿ ಈ ನಾಡಿನ ಚರಿತ್ರೆ ಕಡ್ಡಾಯ ಪಾಠವಾಯಿತು. ಮಕ್ಕಳು ಮನೆಗೆ ಬಂದು ವೈತಾಂಗಿ ಒಪ್ಪಂದದ ಮಾತೆತ್ತುತ್ತಾರೆ. ಅದರಲ್ಲಿ ನಾವು ಯಾವ ಕಡೆಯವರು ಎಂದು ಕೇಳುತ್ತಾರೆ. ಅಶೋಕ ಸಾಲುಮರಗಳನ್ನು ನೆಡಿಸಿದ ಎಂದು ಉರು ಹೊಡೆದು ಐದು ಅಂಕ ಗಿಟ್ಟಿಸಿದ ತಲೆಮಾರು ನಮ್ಮದು. ಕಡೆ ಯಾವುದು ಎಂದು ನಮ್ಮನ್ನು ಯಾರೂ ಕೇಳಿರಲಿಲ್ಲ. ಇಲ್ಲಿನ ಪಾಠದ ಕ್ರಮವೇ ಬೇರೆ. ಇಸವಿ ಬರೆದರೆ ಅಂಕವಿಲ್ಲ. ಇದನ್ನು ಯಾರು ಬರೆದರು, ಯಾಕೆ ಬರೆದರು, ನೀವು ಒಪ್ಪುತ್ತೀರಾ, ಒಪ್ಪದಿದ್ದರೆ ಆಧಾರವೇನು ಎಂದು ಕೇಳುತ್ತಾರೆ. ಕೊನೆಯ ಪ್ರಬಂಧಕ್ಕೆ ಬಂದ ಪ್ರಶ್ನೆ ಇದು: ನೀವು ಹುಟ್ಟಿದ ಊರನ್ನೂ ನೀವಿರುವ ಊರನ್ನೂ ಜೋಡಿಸುವ ಒಂದು ವಸ್ತುವನ್ನು ಹಿಡಿದು ಅದರ ಪ್ರಯಾಣ ಬರೆಯಿರಿ. ನಾವು ಆರಿಸಿಕೊಂಡದ್ದು ಮೈಸೂರಿನ ರಾಕೆಟ್ಟು.

ಹೈದರ್ ಅಲಿ, ಟಿಪ್ಪು ಸುಲ್ತಾನರ ಸೈನ್ಯದಲ್ಲಿ ರಾಕೆಟ್ ಹಾರಿಸುವವರ ಪ್ರತ್ಯೇಕ ದಳಗಳೇ ಇದ್ದವು. ಬಾಣಬಿರುಸು ಚೀನಾದಿಂದ ಯೂರೋಪಿನವರೆಗೆ ಎಲ್ಲರಿಗೂ ಗೊತ್ತಿದ್ದುದೇ. ಮೈಸೂರಿನವರ ವಿಶೇಷವೆಂದರೆ ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದು. ಕಾಗದದ ಕೊಳವೆ ತಾಳದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತದೆ, ಆದ್ದರಿಂದ ರಾಕೆಟ್ಟು ಬಹು ದೂರ ಹೋಗುತ್ತದೆ. ಕೊಳವೆಗೆ ಬಿದಿರಿನ ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದು ಅವರು ಸೋತ ದೃಶ್ಯವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ನಮ್ಮಲ್ಲಿ ಬಹಳ ಮಂದಿ ಶಾಲೆಯ ಪ್ರವಾಸದಲ್ಲಿ ನೋಡಿದ್ದೇವೆ. ನೋಡಿದ್ದೇವೆ ಎಂದರೆ, ಅದರ ಮುಂದೆ ಸಾಲಾಗಿ ನಡೆದುಹೋಗಿದ್ದೇವೆ.

1799ರ ಏಪ್ರಿಲ್ 5ರ ರಾತ್ರಿ ಇದೇ ರಾಕೆಟ್ಟುಗಳ ಎದುರಿಗೆ ಸಿಕ್ಕಿದವನು 33ನೇ ರೆಜಿಮೆಂಟಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಗವರ್ನರ್ ಜನರಲ್ಲನ ತಮ್ಮ, ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆ ತೋಪನ್ನು ಕತ್ತಲಲ್ಲಿ ಹಿಡಿಯಲು ಹೋಗಿ, ಗುಂಡು ಮತ್ತು ರಾಕೆಟ್ಟುಗಳ ನಡುವೆ ದಾರಿ ತಪ್ಪಿ, ಸೈನಿಕರು ಚೆದುರಿ, ಹಿಂದಿರುಗಿದ. ಮಾರನೆಯ ಬೆಳಗ್ಗೆ ಹೆಚ್ಚು ಬಲದೊಡನೆ ಹೋಗಿ ತೋಪನ್ನು ಹಿಡಿದದ್ದಾಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ, ವೆಲ್ಲೆಸ್ಲಿ ಪಟ್ಟಣದ ಆಡಳಿತಗಾರನಾದ. 1800ರಲ್ಲಿ ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊಂದವನೂ ಅವನೇ. 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸುವ ಹೊತ್ತಿಗೆ ಅವನು ವೆಲಿಂಗ್ಟನ್ನಿನ ಡ್ಯೂಕ್ ಆಗಿದ್ದ.

ಈ ಡ್ಯೂಕ್ ನ್ಯೂಜಿಲೆಂಡಿಗೆ ಕಾಲಿಟ್ಟವನಲ್ಲ. ಜನರನ್ನು ಹಡಗಿನಲ್ಲಿ ತಂದು ಇಲ್ಲಿ ಭೂಮಿ ಮಾರಿದ ನ್ಯೂಜಿಲೆಂಡ್ ಕಂಪನಿ, ತಮ್ಮ ವಸಾಹತು ತತ್ವವನ್ನು ಅವನು ಬೆಂಬಲಿಸಿದನೆಂಬ ಕೃತಜ್ಞತೆಗೆ 1840ರಲ್ಲಿ ತನ್ನ ಊರಿಗೆ ಅವನ ಹೆಸರಿಟ್ಟಿತು. ಊರಿಗೆ, ಬಂದರಿಗೆ ಮಾವೊರಿ ಹೆಸರು ಮೊದಲೇ ಇತ್ತು: ತೆ ಫಾಂಗನೂಯಿ-ಆ-ತಾರ, ಎಂದರೆ ತಾರನ ದೊಡ್ಡ ಬಂದರು. ಜಾನ್ಸನ್‌ವಿಲ್ ರೈಲಿನಲ್ಲಿ ಓಡಾಡುವವರು ಸಿಮ್ಲಾ ಕ್ರೆಸೆಂಟ್, ಖಾಂಡಲ್ಲಾ ಎಂಬ ಸ್ಟೇಷನ್ನುಗಳ ಹೆಸರು ಕೇಳಿ ನಗುವುದುಂಟು. ಅಲ್ಲಿ ಗ್ಯಾಂಜಿಸ್ ರೋಡೂ ಇದೆ, ಆಗ್ರಾ ಕ್ರೆಸೆಂಟೂ ಇದೆ. ಆದರೆ ಊರಿನ ಹೆಸರಿನಲ್ಲೇ ಶ್ರೀರಂಗಪಟ್ಟಣದ ಆಡಳಿತಗಾರ ಕುಳಿತಿದ್ದಾನೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಹೊಳೆದೀತು?

ಇನ್ನು ರಾಕೆಟ್ಟಿನ ಕಥೆ. ಮೈಸೂರಿನಲ್ಲಿ ಸಿಕ್ಕಿದವುಗಳಲ್ಲಿ ಕೆಲವು ಇಂಗ್ಲೆಂಡಿನ ವುಲಿಚ್ಚಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ತನ್ನ ರಾಕೆಟ್ಟುಗಳ ಪ್ರಯೋಗ ಆರಂಭಿಸಿದ. ಅದರಲ್ಲಿ ಎಷ್ಟು ಸ್ವಂತದ್ದು, ಎಷ್ಟು ಮೈಸೂರಿನದು ಎಂಬ ವಾದ ಇಂದಿಗೂ ಉಂಟು. 1803ರಲ್ಲಿ ಐರ್ಲೆಂಡಿನಲ್ಲಿ ಬಂಡೆದ್ದವರ ಬಳಿಯೂ ರಾಕೆಟ್ಟುಗಳಿದ್ದವೆಂದು ಎತ್ತಿ ತೋರಿಸುವವರಿದ್ದಾರೆ. ಎಲ್ಲವೂ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವ ಮೊದಲು ಈ ವಾದವನ್ನು ಓದಿಕೊಳ್ಳುವುದು ಒಳ್ಳೆಯದು. ಮೈಸೂರಿನ ಕೊಳವೆಯೇ ಮೂಲ ಪ್ರೇರಣೆ ಎಂಬುದು ನಮ್ಮ ಅಭಿಪ್ರಾಯ. ಕಾಂಗ್ರೀವ್ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ನನ್ನು ಸುಟ್ಟವು, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಹಾರಿದವು. 1845ರ ಮೇ 8ರಂದು ಈ ದೇಶದ ಉತ್ತರ ತುದಿಯಲ್ಲಿ, ಓಮಾಪೆರೆ ಸರೋವರದ ಬಳಿಯ ಪುಕೆಟುಟುವಿನಲ್ಲಿ, ಹೋನೆ ಹೇಕೆಯ ಮರದ ಕೋಟೆಯ ಮೇಲೆ ಬ್ರಿಟಿಷ್ ನೌಕಾದಳ ಹಾರಿಸಿದ್ದೂ ಇವನ್ನೇ. ರಾಕೆಟ್ಟುಗಳಿಂದ ಹೆಚ್ಚೇನೂ ಹಾನಿಯಾಗಲಿಲ್ಲ. ಕೋಟೆ ಬೀಳಲಿಲ್ಲ, ಬ್ರಿಟಿಷರು ಹಿಂದಿರುಗಿದರು. ಇದನ್ನು ಓದಿದ ರಾತ್ರಿ ನಮ್ಮ ಮೂವರಿಗೂ ನಿದ್ರೆ ತಡವಾಗಿ ಬಂತು. ನಮ್ಮ ಕಮ್ಮಾರನ ಕೈಚಳಕ ಅರ್ಧ ಪ್ರಪಂಚ ಸುತ್ತಿ, ನಮ್ಮ ನಾಡಿಗೆ ಏನೂ ಮಾಡದ ಜನರ ಮೇಲೆ ಬಿದ್ದಿತ್ತಲ್ಲ!

ಹೋನೆ ಹೇಕೆ ಯಾರು? 1840ರ ಫೆಬ್ರವರಿ 6ರಂದು ವೈತಾಂಗಿ ಒಪ್ಪಂದಕ್ಕೆ ಮಾವೊರಿ ನಾಯಕರಲ್ಲಿ ಮೊದಲು ಸಹಿ ಹಾಕಿದವನು. ಅವನೇ 1844-45ರಲ್ಲಿ ಕೊರೊರಾರೆಕದ ಬ್ರಿಟಿಷ್ ಧ್ವಜಸ್ತಂಭವನ್ನು ನಾಲ್ಕು ಸಲ ಉರುಳಿಸಿದ. ರಾಜಧಾನಿ ಆಕ್ಲೆಂಡಿಗೆ ಹೋದದ್ದು, ಸುಂಕದಿಂದ ವ್ಯಾಪಾರ ಕೆಟ್ಟದ್ದು ಹೀಗೆ ಕಾರಣಗಳು ಹಲವು. ಬುಡದಲ್ಲಿರುವುದು ಒಪ್ಪಂದದ ಭಾಷೆ. ಇಂಗ್ಲಿಷ್ ಪಾಠದಲ್ಲಿ ನಾಯಕರು ಸಾರ್ವಭೌಮತ್ವವನ್ನೇ ಬಿಟ್ಟುಕೊಟ್ಟರು. ಮಿಷನರಿ ಹೆನ್ರಿ ವಿಲಿಯಮ್ಸ್ ಮತ್ತು ಅವನ ಮಗ ಒಂದೇ ರಾತ್ರಿಯಲ್ಲಿ ಮಾಡಿದ ಮಾವೊರಿ ಪಾಠದಲ್ಲಿ ಕೊಟ್ಟದ್ದು 'ಕಾವನತಂಗ', ಆಡಳಿತ ಮಾತ್ರ. ತಮ್ಮಲ್ಲೇ ಉಳಿದದ್ದು 'ರಂಗತಿರತಂಗ', ಯಜಮಾನಿಕೆ. ಬಹುಪಾಲು ನಾಯಕರು ಸಹಿ ಹಾಕಿದ್ದು ಮಾವೊರಿ ಪಾಠಕ್ಕೆ. ಅದರ ದೂರುಗಳನ್ನು ಕೇಳಲು ನ್ಯಾಯಮಂಡಲಿ ಬಂದದ್ದು 1975ರಲ್ಲಿ. 1840ರವರೆಗೆ ಹಿಂದಕ್ಕೆ ಹೋಗಿ ವಿಚಾರಿಸುವ ಅಧಿಕಾರ ಅದಕ್ಕೆ ದಕ್ಕಿದ್ದು 1985ರಲ್ಲಿ.

ಇಲ್ಲಿ ನಮಗೆ 1799ರ ಇನ್ನೊಂದು ಕಾಗದ ನೆನಪಾಯಿತು. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕಂಪನಿಯೊಡನೆ ಆದ ಸಹಾಯಕ ಸೈನ್ಯದ ಒಪ್ಪಂದ. ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ ಕಪ್ಪ, ಅದಲ್ಲದೆ ಆಡಳಿತ ಕೆಟ್ಟರೆ ಕಂಪನಿಯೇ ಕೈಗೆ ತೆಗೆದುಕೊಳ್ಳಬಹುದೆಂಬ ಷರತ್ತು. ಕೆಟ್ಟಿದೆಯೇ ಎಂದು ತೀರ್ಮಾನಿಸುವವರೂ ಅವರೇ. ನಗರದ ರೈತರ ದಂಗೆಯ ನಂತರ 1831ರಲ್ಲಿ ಅದನ್ನು ಬಳಸಿಯೇ ಬಿಟ್ಟರು. ರಾಜ್ಯ ಒಡೆಯರಿಗೆ ಮರಳಿದ್ದು 1881ರಲ್ಲಿ. ಶಾಲೆಯಲ್ಲಿ ಇದು ನಮಗೆ ಎರಡು ಸಾಲಿನ ಉತ್ತರವಾಗಿತ್ತು. ಮನೆ ಕೊಂಡಾಗ, ಕೆಲಸಕ್ಕೆ ಸೇರಿದಾಗ, ಪೌರತ್ವ ಪಡೆದಾಗ ಸಣ್ಣ ಅಕ್ಷರದ ಷರತ್ತುಗಳಿಗೆ ಸಹಿ ಹಾಕಿ ಅಭ್ಯಾಸವಾದ ಈ ವಯಸ್ಸಿನಲ್ಲಿ ಓದಿದರೆ ಷರತ್ತೇ ಕಣ್ಣಿಗೆ ಹೊಡೆಯುತ್ತದೆ. ಕಡೆ ಯಾವುದೆಂಬ ಮಕ್ಕಳ ಪ್ರಶ್ನೆಗೆ ನಾವು ಈಗ ಹೇಳುವುದಿಷ್ಟು: ಇಲ್ಲಿ ನೆಲೆಸಲು ನಮಗೆ ಅಪ್ಪಣೆ ಸಿಕ್ಕಿದ್ದು ಸರ್ಕಾರದ ಕಡೆಯಿಂದ, ಆ ಸರ್ಕಾರ ಕೊಟ್ಟ ಮಾತು ನಮಗೂ ಅಂಟಿಕೊಂಡಿದೆ. ಮೂವರಲ್ಲಿ ಒಬ್ಬರಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಿಲ್ಲ, ವಾದ ಮುಂದುವರಿದಿದೆ.

ಟಿಪ್ಪುವಿನ ಹೆಸರೆತ್ತಿದರೆ ನಮ್ಮ ಸಂಘದ ಊಟದ ಪಂಕ್ತಿಯಲ್ಲೇ ಎರಡು ಪಕ್ಷವಾಗುವುದನ್ನು ಬಲ್ಲೆವು. ಕೊಡಗಿನ ಮನೆಗಳ ನೆನಪು ಬೇರೆ, ಶ್ರೀರಂಗಪಟ್ಟಣದ್ದು ಬೇರೆ. ಎರಡಕ್ಕೂ ದಾಖಲೆಗಳುಂಟು. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಬೇಕಾಗಿಲ್ಲ.

ವೆಲಿಂಗ್ಟನ್ನಿನಲ್ಲಿರುವವರು ವೈತಾಂಗಿ ಒಪ್ಪಂದದ ಮೂಲ ಹಾಳೆಗಳನ್ನು ಪಾರ್ಲಿಮೆಂಟಿನ ಎದುರಿಗಿರುವ ನ್ಯಾಷನಲ್ ಲೈಬ್ರರಿಯಲ್ಲಿ, 2017ರಲ್ಲಿ ತೆರೆದ 'ಹೇ ತೋಹು' ಕೊಠಡಿಯಲ್ಲಿ ಕಾಸಿಲ್ಲದೆ ನೋಡಬಹುದು. ಹಳೆಯ ಪತ್ರಿಕೆಗಳನ್ನು ಲೈಬ್ರರಿಯ 'ಪೇಪರ್ಸ್ ಪಾಸ್ಟ್' ತಾಣದಲ್ಲಿ ಮನೆಯಲ್ಲೇ ಕುಳಿತು ಓದಬಹುದು. ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಮಕ್ಕಳನ್ನು ಶಿವಮೊಗ್ಗಕ್ಕೂ ಕರೆದುಕೊಂಡು ಹೋಗಿ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅದೇ ದಂಗೆಯ ನಗರದಲ್ಲಿ, 2018ರಲ್ಲಿ ಒಂದು ಪಾಳುಬಾವಿಯನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದವು. ಅವನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ತರಲಾಯಿತು.