ಅಂತರದ ಅಳತೆ: ಚಿತ್ರೀಕರಿಸಿದ ರಂಗಪ್ರಯೋಗಗಳಲ್ಲಿ ಅಭಿನಯದ ಶಕ್ತಿ

ರಂಗದ ಮೇಲೆ ಮೈನವಿರೇಳಿಸಿದ ಅಭಿನಯ ತೆರೆಯ ಮೇಲೆ ಅತಿಯಾಗಿ ಕಾಣುತ್ತದೆ ಎಂಬುದು ಚಿತ್ರೀಕರಿಸಿದ ನಾಟಕಗಳ ಬಗ್ಗೆ ಪದೇಪದೇ ಕೇಳಿಬರುವ ದೂರು. ರಂಗನಟನದು ದೊಡ್ಡ ದನಿ, ದೊಡ್ಡ ಚಲನೆ. ಕ್ಯಾಮೆರಾ ಬೇಡುವುದು ಸಂಯಮ. ಹಾಗಾಗಿ ಎರಡಕ್ಕೂ ಹೊಂದಿಕೆಯಾಗದು ಎಂದು ಕಾರಣ ಕೊಡುತ್ತಾರೆ. ಈ ವಿವರಣೆ ಸಾಲದು. ಪ್ರತಿಯೊಂದು ಅಭಿನಯವೂ ಇಂತಿಷ್ಟು ದೂರದಲ್ಲಿ ಕೂತ ಪ್ರೇಕ್ಷಕನನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪುಗೊಂಡಿರುತ್ತದೆ. ಕ್ಯಾಮೆರಾ ಆ ಅಂತರವನ್ನು ಮನ್ನಿಸಿದರೆ ಅಭಿನಯದ ಶಕ್ತಿ ಉಳಿಯುತ್ತದೆ, ಕಡೆಗಣಿಸಿದರೆ ಸೋರಿಹೋಗುತ್ತದೆ ಎಂಬುದು ನನ್ನ ವಾದ. ಇದಕ್ಕೆ ಆಧಾರ ನಮ್ಮಲ್ಲೇ ಇದೆ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಭರತ ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ನಾಟ್ಯಮಂಟಪವನ್ನು ವಿಧಿಸುತ್ತಾನೆ. ಅದಕ್ಕಿಂತ ದೊಡ್ಡದಾದರೆ ಮಾತು ಸ್ವರಗೆಡುತ್ತದೆ, ಮುಖದ ಮೇಲಿನ ಭಾವ ಮಸುಕಾಗುತ್ತದೆ ಎಂಬುದು ಅವನು ಕೊಡುವ ಕಾರಣ. ದೂರ ಹೆಚ್ಚಾದರೆ ಏನಾದೀತು ಎಂಬುದು ಭರತನ ಚಿಂತೆ. ಕ್ಯಾಮೆರಾ ಬಂದ ಮೇಲೆ, ದೂರ ಇಲ್ಲವಾದರೆ ಏನಾದೀತು ಎಂದೂ ಕೇಳಬೇಕಾಗಿದೆ.

ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಜಾನ್ ಡೆಕ್ಸ್ಟರ್ 1964ರಲ್ಲಿ ನಿರ್ದೇಶಿಸಿದ ‘ಒಥೆಲೊ’ವನ್ನು ಮರುವರ್ಷ ಸ್ಟುವರ್ಟ್ ಬರ್ಜ್ ಸ್ಟುಡಿಯೊದಲ್ಲಿ ಚಿತ್ರೀಕರಿಸಿದರು. ಮುಖ್ಯ ನಟರು ಅವರೇ, ರಂಗಚಲನೆಯೂ ಬಹುಮಟ್ಟಿಗೆ ಅದೇ. ಈ ಪಾತ್ರಕ್ಕಾಗಿ ಲಾರೆನ್ಸ್ ಒಲಿವಿಯರ್ ಸಾಧನೆ ಮಾಡಿ ತಮ್ಮ ಕಂಠವನ್ನು ಕೆಳಸ್ಥಾಯಿಗೆ ಇಳಿಸಿಕೊಂಡಿದ್ದರು, ನಡಿಗೆಯನ್ನೇ ಬದಲಿಸಿಕೊಂಡಿದ್ದರು. ಗುಲಾಬಿಯೊಂದನ್ನು ಮೂಸುತ್ತ ಅವರು ಪ್ರವೇಶಿಸುವಾಗ ಇಡೀ ದೇಹ ಕಣ್ಣಿಗೆ ಸಿಗುತ್ತದೆ, ಆ ದೇಹದ ನಿರಾಳವೇ ಒಥೆಲೊನ ಆತ್ಮವಿಶ್ವಾಸವನ್ನು ಹೇಳಿಬಿಡುತ್ತದೆ. ಅಸೂಯೆಯ ದೃಶ್ಯಗಳಲ್ಲಿ ಕ್ಯಾಮೆರಾ ಮುಖದ ಹತ್ತಿರ ನುಗ್ಗಿದಾಗ ಮಾತ್ರ, ಕೊನೆಯ ಸಾಲನ್ನು ಮುಟ್ಟಲೆಂದು ಹಿಗ್ಗಿಸಿದ ಕಣ್ಣು, ತುಟಿ, ನಾಲಗೆಗಳ ಚಲನೆ ಪಾತ್ರದ ಸಂಕಟವಾಗದೆ ನಟನ ದುಡಿಮೆಯಾಗಿ ಕಾಣತೊಡಗುತ್ತದೆ. ಇಯಾಗೊ ಪಾತ್ರದ ಫ್ರಾಂಕ್ ಫಿನ್ಲೆಯವರ ವಿಷಯದಲ್ಲಿ ಆದದ್ದು ಇದಕ್ಕೆ ನೇರ ವಿರುದ್ಧ. ರಂಗದ ಮೇಲೆ ಒಲಿವಿಯರ್ ಎದುರು ಅವರು ಮಂಕಾದರೆಂದು ವಿಮರ್ಶಕರು ಬರೆದಿದ್ದರು. ಸಿನಿಮಾದಲ್ಲಿ ಅದೇ ತಗ್ಗಿದ ದನಿ, ಅದೇ ಅಡಗಿಸಿಟ್ಟ ದ್ವೇಷ ಅವರಿಗೆ ಆಸ್ಕರ್ ನಾಮನಿರ್ದೇಶನ ತಂದುಕೊಟ್ಟಿತು. ಇಬ್ಬರಲ್ಲಿ ಒಬ್ಬರು ಶ್ರೇಷ್ಠ, ಇನ್ನೊಬ್ಬರು ಕನಿಷ್ಠ ಎಂದು ಇದನ್ನು ಬಗೆಹರಿಸಲಾಗದು. ಇಬ್ಬರ ಅಭಿನಯವೂ ಬದಲಾಗಿರಲಿಲ್ಲ, ನೋಡುವವರ ಆಸನ ಬದಲಾಗಿತ್ತು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಬಿಳಿಯ ನಟನೊಬ್ಬ ಮೈಗೆಲ್ಲ ಕಪ್ಪು ಬಳಿದುಕೊಂಡದ್ದೇ ಇಂದಿನ ಪ್ರೇಕ್ಷಕರಿಗೆ ಮುಜುಗರ ತರುತ್ತದೆ, ಅದಕ್ಕೂ ಅಂತರಕ್ಕೂ ಏನು ಸಂಬಂಧ ಎಂದು ಕೇಳಬಹುದು. ಆ ಮುಜುಗರ ನ್ಯಾಯವಾದದ್ದು; ಎಷ್ಟು ದೂರ ಕೂತು ನೋಡಿದರೂ ಅದು ಹೋಗುವಂಥದ್ದಲ್ಲ, ಹೋಗಲೂಬಾರದು. ಆದರೆ ಫಿನ್ಲೆಯವರ ಅಭಿನಯಕ್ಕೆ ತೆರೆಯ ಮೇಲೆ ಬಂದ ಬಲವನ್ನು ಬಣ್ಣದ ಪ್ರಶ್ನೆ ವಿವರಿಸುವುದಿಲ್ಲ, ಅಂತರದ ಪ್ರಶ್ನೆ ವಿವರಿಸುತ್ತದೆ.

ಇದರ ಪಕ್ಕದಲ್ಲಿ ಟ್ರೆವರ್ ನನ್ ಅವರ ‘ಮ್ಯಾಕ್‌ಬೆತ್’ ಅನ್ನು ಇಟ್ಟು ನೋಡಬೇಕು. 1976ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿ ಅದನ್ನು ಆಡಿದ್ದು ಸ್ಟ್ರಾಟ್‌ಫರ್ಡ್‌ನ ‘ದಿ ಅದರ್ ಪ್ಲೇಸ್’ ಎಂಬ ತಗಡಿನ ಷೆಡ್ಡಿನಲ್ಲಿ. ನಡುವೆ ಒಂದು ವೃತ್ತ. ಸರದಿ ಇಲ್ಲದ ನಟರು ಅದರ ಅಂಚಿನಲ್ಲಿ ಮರದ ಪೆಟ್ಟಿಗೆಗಳ ಮೇಲೆ ಕೂತಿರುತ್ತಿದ್ದರು. ಪ್ರೇಕ್ಷಕರು ನಟರ ಉಸಿರು ಕೇಳುವಷ್ಟು ಹತ್ತಿರ. 1979ರಲ್ಲಿ ಪ್ರಸಾರವಾದ ಥೇಮ್ಸ್ ಟೆಲಿವಿಷನ್ ಆವೃತ್ತಿಗಾಗಿ ಫಿಲಿಪ್ ಕ್ಯಾಸನ್ ಇದನ್ನು ಚಿತ್ರೀಕರಿಸಿದಾಗ ಸುತ್ತಲ ಕತ್ತಲೆಯಲ್ಲಿ ಮುಖಗಳಷ್ಟೇ ಉಳಿದವು. ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಆ ಪಾತ್ರದ ಜೂಡಿ ಡೆಂಚ್ ಹೊರಡಿಸುವ ದನಿಯನ್ನು ಗಮನಿಸಿ. ಮೊದಲು ಅದು ಮಗುವಿನ ನರಳಿಕೆಯಷ್ಟು ಸಣ್ಣದು. ನಿಲ್ಲಬೇಕಾದಲ್ಲಿ ನಿಲ್ಲದೆ ಎಳೆಎಳೆಯಾಗಿ ಮೇಲೇರುತ್ತ, ಉಸಿರೆಲ್ಲ ತೀರಿದ ಮೇಲೂ ಮುಂದುವರಿಯುವಂತೆ ಭಾಸವಾಗುತ್ತದೆ. ಇದು ಸಂಯಮವಲ್ಲ, ಒಲಿವಿಯರ್ ಅವರ ಯಾವ ಆರ್ಭಟಕ್ಕೂ ಇದು ಕಡಿಮೆಯದಲ್ಲ. ಆದರೂ ಹತ್ತಿರದ ಕ್ಯಾಮೆರಾ ಅದನ್ನು ತಾಳಿಕೊಳ್ಳುತ್ತದೆ, ಯಾಕೆಂದರೆ ಆ ಕೂಗು ಮೊದಲಿನಿಂದಲೂ ಕೆಲವೇ ಅಡಿ ದೂರದ ಕಿವಿಗಾಗಿ ರೂಪುಗೊಂಡದ್ದು. ಕ್ಯಾಮೆರಾಕ್ಕೆ ಬೇಕಾದದ್ದು ಚಿಕ್ಕ ಅಭಿನಯ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ಕುಸಿಯುತ್ತದೆ.

ಎರಡೂ ಸ್ಟುಡಿಯೊದಲ್ಲಿ ಮತ್ತೆ ಆಡಿದವು, ಪ್ರೇಕ್ಷಕರೇ ಇಲ್ಲದ್ದನ್ನು ರಂಗಾಭಿನಯ ಎನ್ನುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಪ್ರೇಕ್ಷಕರಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಳ್ಳುವ ಅವಕಾಶ ಚಿತ್ರನಟನಿಗಿಲ್ಲ ಎಂದು ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲೇ ವಾದಿಸಿದ್ದರು. ಪ್ರದರ್ಶನದ ಬದುಕು ವರ್ತಮಾನದಲ್ಲಷ್ಟೇ, ದಾಖಲಾದದ್ದು ಬೇರೆಯೇ ವಸ್ತು ಎಂದು ಪೆಗಿ ಫೆಲನ್ 1993ರಲ್ಲಿ ಇನ್ನೂ ಕಟುವಾಗಿ ಹೇಳಿದರು. ಇದಕ್ಕೆ ಉತ್ತರ ಹುಡುಕಬೇಕಾದದ್ದು ಜಾನ್ ಗಿಲ್ಗುಡ್ ನಿರ್ದೇಶಿಸಿ ರಿಚರ್ಡ್ ಬರ್ಟನ್ ನಟಿಸಿದ ‘ಹ್ಯಾಮ್ಲೆಟ್’ನಲ್ಲಿ. 1964ರಲ್ಲಿ ಬ್ರಾಡ್‌ವೇಯಲ್ಲಿ ಪ್ರೇಕ್ಷಕರೆದುರು ನಡೆದ ಪ್ರದರ್ಶನಗಳನ್ನೇ ಎಲೆಕ್ಟ್ರಾನಿಕ್ ಕ್ಯಾಮೆರಾಗಳಿಂದ ಹಿಡಿದು, ಅದೇ ಸೆಪ್ಟೆಂಬರಿನಲ್ಲಿ ಎರಡು ದಿನ ಮಾತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ತೋರಿಸಿದರು. ಬೆಳಕು ಸಾಲದು, ಚಿತ್ರ ಒರಟು. ಆದರೆ ಪೊಲೋನಿಯಸ್ ಆಗಿ ಹ್ಯೂಮ್ ಕ್ರೋನಿನ್ ಮಾತು ಮರೆತವನಂತೆ ತಡವರಿಸುವಾಗ ಸಭೆ ನಗುತ್ತದೆ, ಆ ನಗು ಇಳಿಯುವವರೆಗೆ ನಟ ಮುಂದಿನ ಮಾತನ್ನು ತಡೆಹಿಡಿಯುತ್ತಾರೆ. ಈ ಕಾಯುವಿಕೆ ಪ್ರೇಕ್ಷಕ ಮತ್ತು ನಟ ಕೂಡಿ ಮಾಡಿದ್ದು, ಅದು ಹಾಗೇ ದಾಖಲಾಗಿದೆ. ತೆರೆಯ ಮುಂದಿರುವ ನಾವು ಆ ನಗುವನ್ನು ಬದಲಿಸಲಾರೆವು ಎಂಬಷ್ಟರ ಮಟ್ಟಿಗೆ ಫೆಲನ್ ಹೇಳಿದ್ದು ಸರಿ. ಹಾಗೆಂದು ಅಭಿನಯದ ಬಲವೆಲ್ಲ ಅಂದಿಗೇ ಮುಗಿಯಿತು ಎನ್ನಲಾಗದು. ಒಬ್ಬ ನಟ ಒಂದು ಸಭೆಯನ್ನು ಹೇಗೆ ಹಿಡಿದಿಟ್ಟ ಎಂಬುದು ನಮ್ಮ ಮುಂದೆ ಇದೆ.

ಈ ವಾದ ನಮ್ಮ ರಂಗಕ್ಕೂ ಸಲ್ಲುತ್ತದೆ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ರಕ್ಕಸನ ಬಣ್ಣದ ವೇಷದ ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುವುದು, ದೊಡ್ಡ ಕಿರೀಟ ಕಟ್ಟುವುದು, ಅಬ್ಬರ ಕೊಡುವುದು ರಾತ್ರಿಯ ಬಯಲಿನಲ್ಲಿ ದೂರ ಕೂತವರಿಗಾಗಿ. ಈಗಿನ ವಿಡಿಯೊಗಳಲ್ಲಿ ಕ್ಯಾಮೆರಾ ಆ ಮುಖಕ್ಕೇ ಅಂಟಿಕೊಂಡಾಗ ಹಿಟ್ಟಿನ ಚುಕ್ಕಿಗಳು ಕಾಣುತ್ತವೆ, ರಕ್ಕಸ ಕಾಣುವುದಿಲ್ಲ. ಚೆಂಡೆಗೆ ಉತ್ತರ ಕೊಡುವ ಹೆಜ್ಜೆಗಳು ಚೌಕಟ್ಟಿನ ಹೊರಗೇ ಉಳಿಯುತ್ತವೆ. ತಾಳಮದ್ದಳೆಯಲ್ಲಿ ಹೀಗಾಗುವುದಿಲ್ಲ. ವೇಷವಿಲ್ಲದೆ ಕೂತು, ಎದುರಿನ ಅರ್ಥಧಾರಿಯ ಮಾತಿಗೆ ಹುಬ್ಬೇರಿಸಿ, ಉತ್ತರವನ್ನು ಒಂದು ಗಳಿಗೆ ತಡೆದು ಹೇಳುವ ಕಲಾವಿದನ ಮುಖವನ್ನು ಎಷ್ಟು ಹತ್ತಿರದಿಂದ ತೋರಿಸಿದರೂ ಅವನ ಅರ್ಥಗಾರಿಕೆ ಕಳೆಗುಂದುವುದಿಲ್ಲ. ಅದೇ ಕಲಾವಿದ ಬಣ್ಣ ಹಚ್ಚಿ ರಂಗಸ್ಥಳಕ್ಕೆ ಬಂದಾಗ ಕ್ಯಾಮೆರಾ ಹಿಂದೆ ಸರಿದು, ಅವನಿಗೆ ಕುಣಿಯುವಷ್ಟು ಜಾಗ ಬಿಡಬೇಕಾಗುತ್ತದೆ.