ವಕೀಲರನ್ನು ಬೈಯುವ ಮುನ್ನ

ನಮ್ಮ ಜತ್ತ ತಾಲೂಕಿನ ಜನ ಕೋರ್ಟು ಮತ್ತು ವಕೀಲರನ್ನು ಎರಡು ಭಾಷೆಗಳಲ್ಲಿ ಬೈಯಬಲ್ಲರು. ಕನ್ನಡದಲ್ಲಿ "ಗೆದ್ದವ ಸೋತ, ಸೋತವ ಸತ್ತ" ಎನ್ನುತ್ತೇವೆ. ಶಾಣ್ಯಾ ಮನುಷ್ಯ ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂಬ ಗಾದೆ ಮರಾಠಿಯಲ್ಲಿದೆ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ, ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಈ ಎರಡೂ ಮಾತು ಕಿವಿಗೆ ಬೀಳುತ್ತವೆ. ಆದರೆ ಹೊಲದ ಬದುವಿನ ತಂಟೆ ಬಂದಾಗ ಇದೇ ಗಾದೆ ಹೇಳಿದ ಹಿರಿಯರು ಸಾತಬಾರಾ ಉತಾರವನ್ನು ಚೀಲದಲ್ಲಿ ಇಟ್ಟುಕೊಂಡು ವಕೀಲರನ್ನು ಹುಡುಕಿ ಹೋಗುತ್ತಾರೆ.

ಶಾಲೆಯಲ್ಲಿ ಮಕ್ಕಳನ್ನು "ಮುಂದೆ ಏನಾಗ್ತೀರಿ?" ಎಂದು ಕೇಳಿ ನೋಡಿ. ಡಾಕ್ಟರ್, ಪೊಲೀಸ್, ಮಿಲಿಟರಿ, ಗುರುಗಳು ಎಂಬ ಉತ್ತರ ಬರುತ್ತವೆ. ವಕೀಲ ಆಗುತ್ತೇನೆ ಎನ್ನುವ ಮಗು ಅಪರೂಪ. ಬೈಗುಳ ಮತ್ತು ಅವಲಂಬನೆ ಎರಡೂ ಒಟ್ಟಿಗೇ ಹೇಗೆ ಬೆಳೆದವು? ಇದಕ್ಕೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ಮಕ್ಕಳಿಗೂ ಪಾಲಕರಿಗೂ ತಿಳಿಸುವುದು ಈ ಬರಹದ ಉದ್ದೇಶ.

ಮೊದಲು ಶಬ್ದವನ್ನೇ ನೋಡೋಣ. 'ವಕೀಲ' ಅರಬ್ಬಿ ಮೂಲದ ಶಬ್ದ. ಇನ್ನೊಬ್ಬರ ಪರವಾಗಿ ನಿಲ್ಲುವವನು ಎಂಬುದು ಅದರ ಅರ್ಥ. ಬಾದಶಾಹಿ ಮತ್ತು ಮರಾಠಾ ಕಾಲದಲ್ಲಿ ಒಬ್ಬ ಅರಸನ ಪರವಾಗಿ ಇನ್ನೊಬ್ಬನ ದರಬಾರಿಗೆ ಹೋಗಿ ಮಾತಾಡುವ ರಾಯಭಾರಿಗೆ ವಕೀಲ ಎನ್ನುತ್ತಿದ್ದರು. ಊರ ಜನರ ಜಗಳಕ್ಕೆ ವಕೀಲರು ಇರಲಿಲ್ಲ. ವತನದ ಅಥವಾ ಹೊಲದ ತಕರಾರು ಬಂದರೆ ಗೋತಸಭೆ ಕೂಡುತ್ತಿತ್ತು. ಪಾಟೀಲ, ಕುಲಕರ್ಣಿ, ಆಯಗಾರರು ಸೇರಿ ಎರಡೂ ಕಡೆಯವರ ಮಾತು ಕೇಳಿ ಮಹಜರು ಬರೆಸುತ್ತಿದ್ದರು. ಬರೆಯಲು ಬಾರದವರು ತಮ್ಮ ಕಸುಬಿನ ಗುರುತನ್ನೇ ಸಹಿಯಾಗಿ ಹಾಕುತ್ತಿದ್ದರು. ಪಾಟೀಲನ ಗುರುತು ನೇಗಿಲು. ಆ ಪದ್ಧತಿಯಲ್ಲಿ ಎಲ್ಲರಿಗೂ ನ್ಯಾಯ ಸಿಗುತ್ತಿತ್ತು ಎಂದು ತಿಳಿಯಬಾರದು. ಕೆಳಜಾತಿಯವರಿಗೂ ಹೆಣ್ಣುಮಕ್ಕಳಿಗೂ ಅಲ್ಲಿ ದನಿ ಕಡಿಮೆಯೇ ಇತ್ತು. ಆದರೆ ಒಂದು ಮಾತು ನಿಜ. ಅಲ್ಲಿ ಆಡುವ ಭಾಷೆ ಊರಿನ ಭಾಷೆಯಾಗಿತ್ತು.

1818ರಲ್ಲಿ ಪೇಶವೆಗಳ ಆಳ್ವಿಕೆ ಮುಗಿಯಿತು. ಎಲ್ಫಿನ್‌ಸ್ಟನ್ ಸಾಹೇಬರು ಕೆಲವು ವರ್ಷ ಪಂಚಾಯತಿಗಳನ್ನು ಉಳಿಸಿಕೊಳ್ಳಲು ಯತ್ನಿಸಿದರು. ಬಳಿಕ 1827ರಲ್ಲಿ ಮುಂಬಯಿ ಸರಕಾರದ ರೆಗ್ಯುಲೇಶನ್ನುಗಳು ಬಂದವು. ಜಿಲ್ಲಾ ಕೋರ್ಟು, ಸನದು ಪಡೆದ ವಕೀಲರು, ಸ್ಟಾಂಪು ಕಾಗದ ಎಲ್ಲವೂ ನೆಲೆಯೂರಿದವು. ನಮ್ಮ ಜತ್ತ ಆಗ ಡಫಳೆ ಮನೆತನದ ಸಂಸ್ಥಾನ. ಬ್ರಿಟಿಷ್ ಜಿಲ್ಲೆಗಳ ಕಾಯ್ದೆ ಇಲ್ಲಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಆದರೆ ಸುತ್ತಲಿನ ಸಾತಾರಾ, ಸೋಲಾಪುರ, ಬಿಜಾಪುರ ಜಿಲ್ಲೆಗಳ ಗಾಳಿ ಇಲ್ಲಿಗೂ ಬೀಸದೆ ಇರಲಿಲ್ಲ.

ಹೊಸ ಕೋರ್ಟುಗಳಲ್ಲಿ ಮಾತಿಗಿಂತ ಕಾಗದಕ್ಕೆ ಬೆಲೆ. ರೈತನಿಗೆ ಓದು ಬರದು, ಸಾವಕಾರನಿಗೆ ಬರುತ್ತದೆ. 1859ರ ಅವಧಿ ಕಾಯ್ದೆಯಂತೆ ಸಾಮಾನ್ಯ ಸಾಲಪತ್ರಕ್ಕೆ ಮೂರು ವರ್ಷಗಳ ಮುದ್ದತ್ತು. ಹಳೆಯ ಸಾಲಕ್ಕೆ ಮಿತಿ ಇರಲಿ ಎಂಬುದು ಸರಕಾರದ ಒಳ್ಳೆಯ ಉದ್ದೇಶ. ಆದರೆ ಆದದ್ದೇ ಬೇರೆ. ಮೂರು ವರ್ಷ ತುಂಬುವ ಮೊದಲೇ ಸಾವಕಾರ ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳುತ್ತಿದ್ದ. ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಮುಂದೆ ಕೋರ್ಟಿನ ಸಮನ್ಸ್ ಬಂದರೆ ಅಂಜಿ ಅಥವಾ ಖರ್ಚಿಗೆ ಹಣವಿಲ್ಲದೆ ಹಾಜರಾಗುತ್ತಿರಲಿಲ್ಲ. ಪ್ರತಿವಾದಿ ಇಲ್ಲದೆಯೇ ಏಕಪಕ್ಷೀಯ ಡಿಕ್ರಿ ಆಗಿಬಿಡುತ್ತಿತ್ತು.

ಇದರ ಸಿಟ್ಟು 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪಾ ಎಂಬ ಊರಿನಲ್ಲಿ ಸಿಡಿಯಿತು. ಇತಿಹಾಸದ ಪುಸ್ತಕಗಳಲ್ಲಿ ಇದನ್ನು 'ದಖ್ಖನಿನ ದಂಗೆ' ಎನ್ನುತ್ತಾರೆ. ದಂಗೆ ಪುಣೆ, ಅಹಮದನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಮಕ್ಕಳೇ, ಇಲ್ಲಿ ಒಂದು ಸಂಗತಿ ಗಮನಿಸಿ. ರೈತರು ಮುಖ್ಯವಾಗಿ ಕೈಹಾಕಿದ್ದು ಜನರ ಮೇಲಲ್ಲ, ಕಾಗದಗಳ ಮೇಲೆ. ಸಾಲಪತ್ರಗಳನ್ನೂ ಡಿಕ್ರಿಗಳನ್ನೂ ಕಸಿದು ಸುಟ್ಟರು. ತಾವು ಓದಲಾರದ ಕಾಗದವೇ ತಮ್ಮ ಹೊಲ ನುಂಗುತ್ತಿದೆ ಎಂದು ಅವರು ಸರಿಯಾಗಿಯೇ ತಿಳಿದಿದ್ದರು.

ಸರಕಾರ ವಿಚಾರಣಾ ಆಯೋಗ ನೇಮಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖನಿನ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ, ಮುಂದೆ ಮುಂಬಯಿ ಪ್ರಾಂತದ ಉಳಿದ ಭಾಗಗಳಿಗೂ ಅದು ವಿಸ್ತರಿಸಿತು. ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ ಸಾಲದ ಹಿಂದಿನ ಇತಿಹಾಸವನ್ನು ಕೆದಕಲು ನ್ಯಾಯಾಧೀಶರಿಗೆ ಅಧಿಕಾರ ಬಂತು. ಸಾವಕಾರ ರಸೀದಿ ಕೊಡಬೇಕು, ಲೆಕ್ಕ ಕೊಡಬೇಕು, ಕೇಳಿದರೆ ಪಾಸ್‌ಬುಕ್ ಕೊಡಬೇಕು ಎಂದೂ ಬರೆದರು.

ವಕೀಲರ ಬಗ್ಗೆ ಆ ಕಾಯ್ದೆ ಏನು ಹೇಳಿತು ಗೊತ್ತೇ? ರಾಜಿ ಮಾಡಿಸುವ ಅಧಿಕಾರಿ ಮತ್ತು ಗ್ರಾಮ ಮುನಸೀಫರ ಮುಂದೆ, ಹಾಗೂ ಈ ಕಾಯ್ದೆಯಡಿ ನೂರು ರೂಪಾಯಿ ಮೀರದ ದಾವೆಗಳಲ್ಲಿ ವಕೀಲರು ನಿಲ್ಲುವಂತಿಲ್ಲ ಎಂದಿತು. ಜನರ ಗಾದೆಯನ್ನೇ ಸರಕಾರ ಕಾನೂನಾಗಿ ಬರೆದಂತಾಯಿತು! ಆದರೆ ಅದರ ಮುಂದಿನ ಕಲಮಿನಲ್ಲಿ ಇನ್ನೊಂದು ಮಾತಿದೆ. ಎದುರಿನವರ ಕಡೆ ವಕೀಲರಿದ್ದು, ರೈತನಿಗೆ ವಕೀಲರನ್ನು ಇಡುವ ಶಕ್ತಿ ಇಲ್ಲವೆಂದು ಕಂಡರೆ, ರೈತನ ಒಪ್ಪಿಗೆ ಪಡೆದು ಸರಕಾರಿ ವಕೀಲರನ್ನೋ ಬೇರೆ ಯೋಗ್ಯರನ್ನೋ ಅವನ ಪರ ನಿಲ್ಲಿಸಬಹುದು. ಅಂದರೆ ಸಣ್ಣ ಜಗಳದಲ್ಲಿ ವಕೀಲ ಬೇಡ, ದೊಡ್ಡ ಜಗಳದಲ್ಲಿ ಬಡವನಿಗೂ ಒಬ್ಬ ವಕೀಲ ಬೇಕು. ಬೈಗುಳವೂ ಅವಲಂಬನೆಯೂ ಒಂದೇ ಕಾಯ್ದೆಯಲ್ಲಿ ಅಕ್ಕಪಕ್ಕ ಕುಳಿತಿವೆ. ವಕೀಲರನ್ನು ಹೊರಗಿಟ್ಟ ಮಾತ್ರಕ್ಕೆ ಓದುಬಲ್ಲ ಸಾವಕಾರ ಮತ್ತು ಹೆಬ್ಬೆಟ್ಟಿನ ರೈತ ಸರಿಸಮಾನರಾಗಲಿಲ್ಲ. ಆ ಅಂತರ ಹಾಗೇ ಉಳಿಯಿತು.

ಇನ್ನು ಕನ್ನಡ ನಾಡಿನ ಕಡೆ ನೋಡೋಣ. 20ನೆಯ ಶತಮಾನದ ಆರಂಭದಲ್ಲಿ ಜತ್ತ ಸಂಸ್ಥಾನ ಬಿಜಾಪುರ ಏಜೆನ್ಸಿಗೆ ಸೇರಿತ್ತು. ಬಿಜಾಪುರದ ಕಲೆಕ್ಟರರೇ ಇದರ ಪೊಲಿಟಿಕಲ್ ಏಜೆಂಟರು. ಆ ಕಾಲದಲ್ಲಿ ಅದೇ ಬಿಜಾಪುರದಲ್ಲಿ ಒಬ್ಬ ವಕೀಲರಿದ್ದರು. ಅವರೇ ಫ. ಗು. ಹಳಕಟ್ಟಿ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದವರು, ಶಿಕ್ಷಕರ ಮಗ. ವಕೀಲಿ ಪರೀಕ್ಷೆ ಮುಗಿಸಿ ಬಿಜಾಪುರದಲ್ಲಿ ನೆಲೆಸಿದರು. ಮನೆಮನೆ ತಿರುಗಿ ತಾಡೋಲೆ ಕಟ್ಟುಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಕೋರ್ಟಿನಲ್ಲಿ ಹಳೆಯ ದಸ್ತಾವೇಜುಗಳನ್ನು ಹೋಲಿಸಿ ನೋಡಿ ರೂಢಿಯಾದ ಕಣ್ಣು ತಾಡೋಲೆಗಳ ಪಾಠ ಹೋಲಿಸುವಾಗಲೂ ನೆರವಾಗಿರಬೇಕು ಎಂದು ನನಗೆ ಅನಿಸುತ್ತದೆ.

ಅದೇ ವರ್ಷ, ಅದೇ ತಿಂಗಳು, 1880ರ ಜುಲೈ 12ರಂದು ಬಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರೂ ವಕೀಲರೇ. ಧಾರವಾಡದಲ್ಲಿ ವಕೀಲಿ ಮಾಡಿ, ಆಮೇಲೆ ಅದನ್ನು ಬಿಟ್ಟು ಕರ್ನಾಟಕದ ಏಕೀಕರಣಕ್ಕೆ ದುಡಿದರು. ಅವರ 'ಕರ್ನಾಟಕ ಗತವೈಭವ' 1917ರಲ್ಲಿ ಬಂತು. ಇಬ್ಬರೂ ತೀರಿಕೊಂಡದ್ದು 1964ರಲ್ಲಿ. ಜನ ಇವರನ್ನು ಹೊಗಳುವಾಗ 'ವಚನ ಪಿತಾಮಹ', 'ಕನ್ನಡ ಕುಲಪುರೋಹಿತ' ಎನ್ನುತ್ತಾರೆ. ವಕೀಲರು ಎಂಬುದನ್ನು ಮರೆತೇಬಿಡುತ್ತಾರೆ. ಒಳ್ಳೆಯ ಕೆಲಸ ಮಾಡಿದ ವಕೀಲರಿಗೆ ಬೇರೆ ಬಿರುದು, ಕೆಟ್ಟದ್ದು ಮಾಡಿದವರಿಗೆ ಮಾತ್ರ 'ವಕೀಲ' ಎಂಬ ಹೆಸರು! ಇದು ನ್ಯಾಯವೇ?

ಗಾಂಧೀಜಿ 1909ರ 'ಹಿಂದ್ ಸ್ವರಾಜ್'ನಲ್ಲಿ ವಕೀಲರನ್ನು ಕಟುವಾಗಿ ಟೀಕಿಸಿದರು. ಅವರು ಜಗಳ ಬೆಳೆಸುತ್ತಾರೆ, ಇಂಗ್ಲಿಷರ ಆಳ್ವಿಕೆಯನ್ನು ಗಟ್ಟಿಗೊಳಿಸುತ್ತಾರೆ ಎಂಬುದು ಅವರ ವಾದ. 1920ರ ಅಸಹಕಾರ ಚಳವಳಿಯಲ್ಲಿ ಕೋರ್ಟು ಬಹಿಷ್ಕಾರದ ಕರೆ ಬಂದಾಗ ಮೋತಿಲಾಲ ನೆಹರೂ, ಚಿತ್ತರಂಜನ ದಾಸರಂಥವರು ವಕೀಲಿ ಬಿಟ್ಟರು. ಆದರೆ ಇದೇ ಗಾಂಧೀಜಿ ದಕ್ಷಿಣ ಆಫ್ರಿಕದ ತಮ್ಮ ಮೊದಲ ದೊಡ್ಡ ವ್ಯಾಜ್ಯದಲ್ಲಿ ದಾದಾ ಅಬ್ದುಲ್ಲಾ ಮತ್ತು ತಯ್ಯಬ ಸೇಠರನ್ನು ರಾಜಿಗೆ ಒಪ್ಪಿಸಿ, ಒಡೆದ ಮನಸ್ಸುಗಳನ್ನು ಕೂಡಿಸುವುದೇ ವಕೀಲರ ನಿಜವಾದ ಕೆಲಸ ಎಂದು ಕಂಡುಕೊಂಡಿದ್ದರು.

ರಾಜಿಯಾಗದ ಅನ್ಯಾಯಗಳೂ ಇವೆ. ಅವಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರರ ದಾರಿಯೇ ಬೇಕು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ಅವರ ಮೇಲೆ ದಾವೆ ಹೂಡಿದರು. ಹತ್ತು ವರ್ಷ ಆ ವ್ಯಾಜ್ಯ ನಡೆದು 1937ರಲ್ಲಿ ಮುಂಬಯಿ ಹೈಕೋರ್ಟು ಅಸ್ಪೃಶ್ಯರೆನಿಸಿಕೊಂಡವರ ಪರವಾಗಿ ತೀರ್ಪು ಕೊಟ್ಟಿತು. ಬುದ್ಧಿವಂತ ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂದು ಅವರೂ ಸುಮ್ಮನೆ ಕುಳಿತಿದ್ದರೆ?

1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯಾಯಿತು, 1960ರಲ್ಲಿ ಅದಕ್ಕೆ ಸಾಂಗಲಿ ಎಂಬ ಹೆಸರು ಬಂತು. ಗಡಿಯ ತಕರಾರು 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಬರಗಾಲದ ನೆಲಕ್ಕೆ ಬೇಕಾದ ಕೃಷ್ಣೆಯ ನೀರಿನ ಪಾಲನ್ನೂ ನ್ಯಾಯಾಧಿಕರಣಗಳ ಮುಂದೆ ವಕೀಲರೇ ವಾದಿಸಿದ್ದಾರೆ. ರಾಜ್ಯಗಳೇ ವಕೀಲರಿಲ್ಲದೆ ಮಾತಾಡಲಾರವು ಎಂದಮೇಲೆ ನಮ್ಮ ರೈತನ ಪಾಡೇನು?

ನಮಗೆ ಇನ್ನೊಂದು ತೊಡಕಿದೆ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಗಳು ಇಂಡಿ ಅಥವಾ ಅಥಣಿ ಕಡೆಗೆ ಮದುವೆಯಾಗಿ ಹೋಗುತ್ತಾಳೆ. ತವರಿನವರು ಕರೆಸಿ ಒಂದು ಮರಾಠಿ ಕಾಗದಕ್ಕೆ ಸಹಿ ಮಾಡಿಸುತ್ತಾರೆ. ಅದು 'ಹಕ್ಕಸೋಡ ಪತ್ರ', ಅಂದರೆ ತವರಿನ ಆಸ್ತಿಯ ಹಕ್ಕು ಬಿಟ್ಟುಕೊಟ್ಟ ಪತ್ರ. ಆ ಕಡೆಯಿಂದ ಬಂದ ಸೊಸೆಗೆ ಗಂಡ ತೀರಿದ ಮೇಲೆ ವಾರಸಾ ನೋಂದಣಿಯ ಕಾಗದ ಓದಲು ಬರುವುದಿಲ್ಲ. ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ 1994ರಲ್ಲಿ, ಇಡೀ ದೇಶ 2005ರಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟವು. ಅದು ಹುಟ್ಟಿನಿಂದಲೇ ಬರುವ ಹಕ್ಕು, 2005ಕ್ಕೆ ಮೊದಲೇ ತಂದೆ ತೀರಿದ್ದರೂ ಇದೆ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಹೇಳಿತು. ಕಾಯ್ದೆ ಕೊಟ್ಟದ್ದನ್ನು ಓದದ ಕಾಗದ ಕಸಿಯುತ್ತದೆ. 1875ರಲ್ಲಿ ಸುಪಾದ ರೈತರಿಗೆ ಆದದ್ದೂ ಇದೇ ಅಲ್ಲವೇ?

ವಕೀಲರಲ್ಲಿ ಮೋಸ ಮಾಡುವವರು ಇಲ್ಲವೆಂದಲ್ಲ. ಫೀ ತೆಗೆದುಕೊಂಡು ತಾರೀಖಿನ ಮೇಲೆ ತಾರೀಖು ಹೇಳುವವರಿದ್ದಾರೆ. ಅದಕ್ಕೂ ದಾರಿಗಳಿವೆ. 1961ರ ವಕೀಲರ ಕಾಯ್ದೆಯಂತೆ ದುರ್ನಡತೆಯ ದೂರನ್ನು ರಾಜ್ಯದ ಬಾರ್ ಕೌನ್ಸಿಲ್‌ಗೆ ಕೊಡಬಹುದು. ಗೆದ್ದರೆ ಆಸ್ತಿಯಲ್ಲಿ ಇಷ್ಟು ಪಾಲು ಕೊಡು ಎಂದು ವಕೀಲರು ಕರಾರು ಮಾಡಿಕೊಳ್ಳುವಂತಿಲ್ಲ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಮನೆಯ ಮಕ್ಕಳೇ ನೋಡಿ ಹೇಳಬಹುದು.

ಬಡವರಿಗೆ ವಕೀಲರನ್ನು ಕೊಡಬಹುದು ಎಂದು 1879ರಲ್ಲಿ ಬರೆದ ಸಣ್ಣ ಕಲಮು ಇಂದು ಹೆಮ್ಮರವಾಗಿದೆ. 1976ರಲ್ಲಿ ಉಚಿತ ಕಾನೂನು ನೆರವಿನ 39ಎ ವಿಧಿ ಸಂವಿಧಾನಕ್ಕೆ ಸೇರಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಾಯಿತು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಪ್ರಶ್ನೆಯಿಲ್ಲದೆ ಇದಕ್ಕೆ ಅರ್ಹರು. ಉಳಿದ ಬಡವರಿಗೆ ಆದಾಯದ ಮಿತಿ ಇದೆ. ತಾಲೂಕಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ, ಆದ್ದರಿಂದ ತಿಳಿದುಕೊಂಡೇ ಒಪ್ಪಬೇಕು.

ನಮ್ಮ ಶಾಲೆಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಎಂಟನೆಯ ಇಯತ್ತೆಯಿಂದ ಮೇಲಿನ ಮಕ್ಕಳಿಗೆ ಒಂದು ಸಾತಬಾರಾ ಉತಾರವನ್ನು ಓದಿಸೋಣ. ಖರೇದಿಖತ ಎಂದರೆ ಕ್ರಯಪತ್ರ, ಗಹಾಣಖತ ಎಂದರೆ ಅಡವು ಪತ್ರ, ಬಕ್ಷೀಸಪತ್ರ ಎಂದರೆ ದಾನಪತ್ರ, ಫೇರಫಾರ ಎಂದರೆ ಖಾತೆ ಬದಲಾವಣೆ ಎಂದು ಕಲಿಸೋಣ. ದಾವೆ, ಫಿರ್ಯಾದಿ, ಜಾಮೀನು, ಹಕ್ಕು ಇವೆಲ್ಲ ಎರಡೂ ಭಾಷೆಗಳಲ್ಲಿ ಇದ್ದೇ ಇವೆ. ಓದದೆ ಎಲ್ಲಿಯೂ ಸಹಿ ಮಾಡಬೇಡಿ ಎಂದು ಮಕ್ಕಳು ಮನೆಗೆ ಹೋಗಿ ಅವ್ವ ಅಪ್ಪನಿಗೆ ಹೇಳಲಿ.

ಕನ್ನಡವನ್ನೂ ಮರಾಠಿಯನ್ನೂ ಚೆನ್ನಾಗಿ ಬಲ್ಲ ನಮ್ಮ ಮಕ್ಕಳಲ್ಲಿ ಕೆಲವರಾದರೂ ಕಾನೂನು ಓದಲಿ. ಉಮದಿಯ ಮುದುಕಿಯೊಬ್ಬಳು ಕನ್ನಡದಲ್ಲಿ ಹೇಳಿದ ಸಂಕಟವನ್ನು ಜತ್ತಿನ ಕೋರ್ಟಿನಲ್ಲಿ ಮರಾಠಿಯಲ್ಲಿ ನಿಂತು ಹೇಳಬಲ್ಲವರು ಅವರೇ. ಪಾಲಕರೇ, ಈ ವರ್ಷ ನಿಮ್ಮ ಮಗಳು "ನಾನು ವಕೀಲಳಾಗ್ತೀನಿ" ಎಂದರೆ ನಗಬೇಡಿ.